ಅತ್ತೆಯ ಹಿಮ್ಮಡಿಗೆ ನನ್ನ ಸಂಶೋಧನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಈವರೆಗೆ ವಾಸಿ ಮಾಡಿದ ಗಾಯಗಳೆಲ್ಲ ನಾನೇ ಮಾಡಿದವು. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಮಾಸ್ತರ ನಾನು. ‘ಗಾಯದ ಸೊಪ್ಪು’ ಎಂಬ ಕಳೆಗಿಡದ ಸಾರದಿಂದ ಚರ್ಮದ ಗಾಯ ಎಷ್ಟು ಬೇಗ ಮಾಯುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಹತ್ತಿರದ ಮೇಡ್ಲೇರಿ ಊರಿನ ಹೊಲದ ಬದುಗಳಲ್ಲಿ ಸೊಪ್ಪು ಕಿತ್ತು, ನೆರಳಲ್ಲಿ ಒಣಗಿಸಿ, ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ಇಳಿಸಿದೆ. ಇಲಿಗಳ ಬೆನ್ನು ಬೋಳಿಸಿ, ಗಾಯ ಮಾಡಿ ಹಚ್ಚಿದೆ. ಮಾಯ್ದವು. ಏನೂ ಹಚ್ಚದೆ ಬಿಟ್ಟ ಇಲಿಗಳ ಗಾಯಗಳೂ ಮಾಯ್ದವು, ತುಸು ತಡವಾಗಿ. ಆ ತುಸುವಿಗೇ ನನಗೆ ಡಾಕ್ಟರೇಟ್ ಬಂತು.

ಹಾವೇರಿಯ ಪತ್ರಿಕೆಯೊಂದು ಇದನ್ನು ‘ಗಾಯಕ್ಕೆ ರಾಮಬಾಣ’ ಎಂದು ಅಚ್ಚು ಹಾಕಿತು. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಿಲ್ಲ ಎಂದು ನಾನು ಹೇಳಿದ್ದೆ. ಖರೇ ಹೇಳಿದ್ದೆ. ಆದರೆ ನನ್ನ ಫೋಟೊ ದೊಡ್ಡದಾಗಿ ಆ ಸಾಲಿಗೆ ಜಾಗ ಸಾಲಲಿಲ್ಲ. ಫೋಟೊ ಕೊಟ್ಟವನೂ ನಾನೇ, ಪತ್ರಿಕೆಯ ಒಂದು ಪ್ರತಿಯನ್ನು ಬ್ಯಾಡಗಿಯ ಅತ್ತೆಗೆ ಕಳಿಸಿದವನೂ ನಾನೇ.

ಹೋದ ತಿಂಗಳು ಅವರ ಮನೆಗೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಒಂದು ಕಾಲಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿ ನೋಡಿದೆ. ಹಿಮ್ಮಡಿ ಒಡೆದು, ಮೇಲೆ ಹಸಿರು ಮುದ್ದೆ, ಅದರ ಕೆಳಗೆ ಕಪ್ಪಗಾದ ಚರ್ಮ.

“ನೀವು ಪೇಪರಿನಾಗ ಹೇಳಿದಂಗ ಹದಿನೈದು ದಿನದಿಂದ ಸೊಪ್ಪು ಅರದು ಹಚ್ಚಾಕತ್ತೇನಿ, ಅಳಿಯಂದ್ರ,” ಎಂದರು, ಹೆಮ್ಮೆಯಿಂದ.

ಅತ್ತೆಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. “ಲಗೂ ಏಳ್ರಿ ಅತ್ತ್ಯಾರ, ದವಾಖಾನಿಗೆ ಹೋಗೂಣು.”

“ಯಾಕ್ರಿ? ಇಲಿಗೆ ನಾಟಿದ್ದು ನನಗ ನಾಟಂಗಿಲ್ಲೇನು?”

“ಇಲಿಗೆ ಸಕ್ಕರಿ ಕಾಯಿಲೆ ಇರಲಿಲ್ರಿ.”

“ಮತ್ತ ಅದನ್ನ ಯಾಕ ಹೇಳಲಿಲ್ಲ?”

ನಾನು ಆಟೊ ಕರೆಯಲು ಬೀದಿಗೆ ಓಡಿದೆ.

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆಯುತ್ತ ಸಿಡುಕಿದರು: “ಇನ್ನಷ್ಟು ತಡಾ ಮಾಡಿದ್ರ ಕಾಲು ಹೋಗತಿತ್ತು. ಈಗ ಉಳಸಬಹುದು. ಈ ಸೊಪ್ಪು ಹಚ್ಚಂತ ಯಾವ ಶಾಣ್ಯಾ ಹೇಳಿದಾಂವ?”

ನಾನು ಗೋಡೆಯ ಮೇಲಿದ್ದ ಲಸಿಕೆಯ ಚಾರ್ಟು ಓದತೊಡಗಿದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: “ಯಾರೋ ಪೇಪರಿನಾಗ ಬರಸಿದ್ರು ಸಾಹೇಬ್ರ. ಹೆಸರು ನೆನಪಿಲ್ಲ.”

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟುಹೋದರೆ ಜಗಳ ತೆಗೆಯುವ ಮನುಷ್ಯ ನಾನು. ಅವತ್ತು ಹೆಸರು ಬಿಟ್ಟುಹೋದದ್ದೇ ಉಪಕಾರವಾಯಿತು. ನಾಚಿಕೆಯಿಂದ ಕಣ್ಣು ತುಂಬಿತ್ತು. ಬಗ್ಗಿ ಎರಡೂ ಕೈಯಿಂದ ಅತ್ತೆಯ ಕಾಲು ಹಿಡಿದುಕೊಂಡೆ. ಪಟ್ಟಿ ಕಟ್ಟಲು ಅನುಕೂಲವಾಗಲೆಂದು ಹಿಡಿದಿದ್ದೇನೆ ಎಂದೇ ಡಾಕ್ಟರು ತಿಳಿದರು.