ವಾರಿಜಕ್ಕನ ಮೂಗು

ವಾರಿಜಕ್ಕ ಮಾತಾಡುವ ಮೊದಲು ಅವರ ಉಸಿರು ಕೇಳುತ್ತಿತ್ತು. ಸ್ಪೀಕರಿನಲ್ಲಿ ಡಿಂಗ್ ಡಾಂಗ್ ಎಂಬ ಗಂಟೆ, ಆಮೇಲೆ ಮೂಗಿನಿಂದ ಒಳಗೆಳೆದುಕೊಂಡ ಒಂದು ದೀರ್ಘ ಉಸಿರು, ಆಮೇಲೆ ಮಾತು. ಜಗಳಕ್ಕೆ ಹೊರಟವರು ಸೆರಗು ಸಿಕ್ಕಿಸಿಕೊಳ್ಳುವ ಹಾಗಿತ್ತು ಆ ಉಸಿರು. ಅದು ಕೇಳಿದ ಕೂಡಲೇ ಕಟ್ಟಡದ ಎಲ್ಲ ಮಹಡಿಗಳಲ್ಲೂ ಜನ ತಲೆ ಎತ್ತುತ್ತಿದ್ದರು.

"ಮೆಟ್ಟಿಲಿನ ಬಾಗಿಲಿಗೆ ಅಡ್ಡ ಪೆಟ್ಟಿಗೆ ಇಟ್ಟ ಚಪ್ಪಲಿ ಅಂಗಡಿಯವರೇ, ಐದು ನಿಮಿಷ ಕೊಡ್ತೇನೆ. ಆಮೇಲೆ ಆ ಪೆಟ್ಟಿಗೆ ನನ್ನದು."

ಬಿಜೈಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ವಾಣಿಜ್ಯ ಕಟ್ಟಡ ಅದು. ಮೂರನೇ ಮಹಡಿಯ ಟ್ಯೂಷನ್ ಕೇಂದ್ರದಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನೆಲ ಅಂತಸ್ತಿನಲ್ಲಿ, ಮೆಟ್ಟಿಲ ಬದಿಗೆ, ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ ಉಂಟು. ಅದರ ಗೋಡೆಗೆ ಬೂದು ಬಣ್ಣದ ಪ್ಯಾನೆಲ್. ಯಾವ ಮಹಡಿಯಲ್ಲಿ ಹೊಗೆ ಎದ್ದಿದೆ ಎಂದು ಕೆಂಪು ದೀಪ ಹತ್ತಿಸಿ ಕೂಗುವುದು ಅದೇ. ಕಟ್ಟಡಕ್ಕೆಲ್ಲ ಕೇಳುವಂತೆ ಮೈಕಿನಲ್ಲಿ ಮಾತಾಡುವುದೂ ಅದರಿಂದಲೇ. ವಾರಿಜಕ್ಕ ಅದರ ಆಪರೇಟರ್ ಆಗಿದ್ದರು.

ಇದನ್ನು ಕೋಪದಲ್ಲಿ ಬರೆಯುತ್ತಿದ್ದೇನೆ. ಕೋಪ ಬಂದಾಗ ನನ್ನ ನೆನಪು ಚುರುಕಾಗುವುದಿಲ್ಲ, ಹಟಮಾರಿಯಾಗುತ್ತದೆ. ಆದ್ದರಿಂದ ಎಲ್ಲಿ ನನಗೆ ಖಾತ್ರಿ ಇಲ್ಲವೋ ಅಲ್ಲಿ ಇಲ್ಲ ಎಂದೇ ಹೇಳುತ್ತೇನೆ.

ಅವರ ರೂಪದ ಬಗ್ಗೆ ಖಾತ್ರಿ ಉಂಟು. ಐವತ್ತು ದಾಟಿದ ಎತ್ತರದ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಸೊಂಟದಲ್ಲಿ ಬೀಗದ ಕೈಗೊಂಚಲಿನ ಜೊತೆಗೆ ವಾಕಿಟಾಕಿ. ಬಂಟರ ಮನೆಯವರು. ಅಜ್ಜನ ಕಾಲದ ಗದ್ದೆಗಳು ಹೋಗಿ ಅಣ್ಣಂದಿರು ಹೋಟೆಲು ನಡೆಸುತ್ತಿದ್ದರು. ಉಳ್ಳಾಲದಲ್ಲಿ ಅಕ್ಕನ ಜೊತೆ ಇದ್ದು ದಿನಾ ಬಸ್ಸಿನಲ್ಲಿ ಬರುತ್ತಿದ್ದ ಇವರನ್ನು, ನಿಮಗೆ ಈ ಕೆಲಸ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಹೋಟೆಲಿನ ಗಲ್ಲಾದಲ್ಲಿ ಕೂತ್ಕೋ ಅಂತ ಕರೆದ್ರು ಟೀಚರ್. ಬಂದವರಿಗೆಲ್ಲ ನಕ್ಕು ಬನ್ನಿ ಬನ್ನಿ ಅಂತ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ. ಇದು ಒಳ್ಳೆದುಂಟು. ಹೋಗಿ ಹೋಗಿ ಅಂತ ಹೇಳುವ ಕೆಲಸ."

ಸಾಧ್ವಿಯೇನೂ ಅಲ್ಲ. ತನ್ನ ಸ್ವರದ ಮೇಲೆ ವಿಪರೀತ ಹೆಮ್ಮೆ. ಬೇಕಿಲ್ಲದಿದ್ದರೂ ಮಧ್ಯಾಹ್ನ ಒಮ್ಮೆ ಮೈಕ್ ಪರೀಕ್ಷೆ ಮಾಡುತ್ತಿದ್ದರು, ಆಗ ನನ್ನ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ತನ್ನ ಡಬ್ಬಿಯ ಬನ್ಸ್ ಕೇಳದೆ ತಿಂದ ಎಂಬ ಕಾರಣಕ್ಕೆ ಲಿಫ್ಟಿನವನ ಜೊತೆ ಮಾತು ಬಿಟ್ಟಿದ್ದರು. ಅವನು ತಿನ್ನಲಿಲ್ಲವೆಂದು ಆಮೇಲೆ ಗೊತ್ತಾದರೂ ಮಾತು ಆರಂಭಿಸಲಿಲ್ಲ. "ತಿನ್ನದಿದ್ರೆ ಆಗ್ಲೇ ಹೇಳ್ಬೇಕಿತ್ತು. ಮುಖ ಸಪ್ಪೆ ಮಾಡಿ ನಿಂತದ್ದು ಯಾಕೆ?" ಒಮ್ಮೆ ಆಂಬುಲೆನ್ಸ್ ಬರುವ ದಾರಿಯಲ್ಲಿ ನಿಲ್ಲಿಸಿದ್ದ ಕಾರಿನ ನಂಬರು ಓದಿ, "ಕಾರು ಬಿಡ್ಲಿಕ್ಕೆ ಕಲಿತವರು ನಿಲ್ಲಿಸ್ಲಿಕ್ಕೂ ಕಲೀಬೇಕು" ಎಂದು ಎಲ್ಲ ಮಹಡಿಗಳಿಗೂ ಸಾರಿದರು. ಕಾರು ಕಟ್ಟಡದ ಧಣಿಗಳದ್ದು. ಮ್ಯಾನೇಜರ್ ಪ್ರಭಾಕರ ಓಡಿ ಬಂದರೆ, "ಧಣಿಗಳಿಗೆ ಕಿವಿ ಉಂಟಲ್ಲ, ಕೇಳ್ಲಿ" ಎಂದರಂತೆ. ಈ 'ಅಂತೆ'ಯನ್ನು ಗಮನಿಸಬೇಕು. ಆಗ ನಾನು ಅಲ್ಲಿರಲಿಲ್ಲ.

ಗಾಬರಿಯಾಗಬೇಡಿ ಎಂಬ ಮಾತನ್ನು ಮೈಕಿನಲ್ಲಿ ಯಾವತ್ತೂ ಹೇಳಬಾರದೆಂದು ಅವರ ಹಟ. "ಗಾಬರಿ ಆಗ್ಬೇಡಿ ಅಂದ ಕೂಡ್ಲೇ ಗಾಬರಿ ಆಗ್ತಾರೆ ಮಾರಾಯ್ರೆ. ಕಾಲಿಗೆ ಕೆಲಸ ಕೊಡ್ಬೇಕು. ಎಡಗಡೆಯ ಮೆಟ್ಟಿಲು, ಮಕ್ಕಳ ಕೈ ಹಿಡೀರಿ, ಮೆಲ್ಲ ಜಪ್ಪುಲೆ. ಅಷ್ಟೇ." ಮೆಲ್ಲಗೆ ಇಳಿಯಿರಿ ಎಂಬುದನ್ನು ಮಾತ್ರ ಅವರು ಯಾವಾಗಲೂ ತುಳುವಿನಲ್ಲೇ ಹೇಳುತ್ತಿದ್ದರು. ಅವಸರದಲ್ಲಿ ಜನ ತಾಯಿಯ ಭಾಷೆಯನ್ನು ಬೇಗ ಕೇಳುತ್ತಾರಂತೆ.

ನಮ್ಮೂರಿನಲ್ಲಿ ಗಣಹೋಮ ಇಲ್ಲದೆ ಅಂಗಡಿ ತೆರೆಯುವುದಿಲ್ಲ. ಕಟ್ಟಡದಲ್ಲಿ ಹೊಸ ಅಂಗಡಿ ಬಂದಾಗಲೆಲ್ಲ ಹೋಮ ಮಾಡಿಸುತ್ತಿದ್ದದ್ದು ನನ್ನ ಚಿಕ್ಕಪ್ಪ. ನಮ್ಮದು ದೇವಸ್ಥಾನದ ಪೂಜೆಯ ಮನೆತನ, ಪಾಠಕ್ಕೆ ಇಳಿದವಳು ನಾನು. ಹೋಮದ ಹೊಗೆಗೆ ಅಲಾರ್ಮ್ ಕೂಗಬಾರದಲ್ಲ, ಅದಕ್ಕೆ ಆ ಮಹಡಿಯನ್ನು ಪ್ಯಾನೆಲಿನಲ್ಲಿ ಬಂದ್ ಮಾಡಬೇಕು. ಬಂದ್ ಇರುವಷ್ಟು ಹೊತ್ತು ಒಂದು ಹಳದಿ ದೀಪ ಹತ್ತಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗುಂಡಿ ಒತ್ತಿ ಚಹಾಕ್ಕೆ ಹೋಗುತ್ತಿದ್ದರು. ವಾರಿಜಕ್ಕ ಸೆಕ್ಯುರಿಟಿಯವನನ್ನು ಪ್ಯಾನೆಲಿನ ಮುಂದೆ ಕೂರಿಸಿ, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಹೊತ್ತುಕೊಂಡು ಮೇಲೆ ಹೋಗಿ, ಹೋಮದ ಎದುರು ಕೂರುತ್ತಿದ್ದರು.

"ಯಂತ್ರದ ಮೂಗು ಮುಚ್ಚಿದ್ದೇನೆ. ಈಗ ನನ್ನ ಮೂಗು ಇಲ್ಲಿ ಇರ್ಬೇಕು."

ಚಿಕ್ಕಪ್ಪನಿಗೆ ಕಿರಿಕಿರಿ. "ದೂರ ಕೂತ್ಕೊಳ್ಳಿ ವಾರಿಜಕ್ಕ, ಹೊಗೆ ಕಣ್ಣಿಗೆ ಹೋಗ್ತದೆ."

"ನೀವು ತುಪ್ಪ ಕಮ್ಮಿ ಮಾಡಿ ಭಟ್ರೇ. ಗಣಪತಿಗೂ ಕೊಲೆಸ್ಟ್ರಾಲ್ ಇರ್ಬಹುದು."

"ಅವನ ಹೊಟ್ಟೆ ತುಪ್ಪದಿಂದ ದೊಡ್ಡದಾದದ್ದಲ್ಲ. ನಿಮ್ಮ ಬೈಗಳು ಕೇಳಿ ಕೇಳಿ ನುಂಗಿಕೊಂಡದ್ದು."

ಇಬ್ಬರೂ ನಗುತ್ತಿರಲಿಲ್ಲ. ಮುಂದಿನ ಹೋಮಕ್ಕೆ ಚಿಕ್ಕಪ್ಪ ಅವರಿಗೆಂದು ಒಂದು ಎಲೆಯಲ್ಲಿ ಪಂಚಕಜ್ಜಾಯ ತೆಗೆದಿಟ್ಟಿದ್ದರು.

ಕಳೆದ ವರ್ಷ ಎರಡನೇ ಮಹಡಿಯಲ್ಲಿ ಧಣಿಗಳೇ ಒಂದು ರೇಷ್ಮೆ ಸೀರೆಯ ಅಂಗಡಿ ತೆರೆದರು. ಬೆಳಿಗ್ಗೆ ಹೋಮ, ಆಮೇಲೆ ಅತಿಥಿಗಳು ಬಂದು ದೀಪ ಹಚ್ಚುವುದು. ವಾರಿಜಕ್ಕ ಎಂದಿನಂತೆ ಆ ಮಹಡಿಯನ್ನು ಬಂದ್ ಮಾಡಿ ಕುರ್ಚಿ ಹೊತ್ತರು. ಹೋಮ ಮುಗಿದು ಹೊಗೆ ಕರಗಿದ ಮೇಲೆ ಕೆಳಗೆ ಬಂದು ಮತ್ತೆ ಚಾಲೂ ಮಾಡಿದರು. ಪ್ರಭಾಕರ ಬೇಡ ಎಂದಿದ್ದ. ಸಂಜೆಯವರೆಗೆ ಊದುಬತ್ತಿ, ಕರ್ಪೂರ ಎಲ್ಲ ಇರುತ್ತದೆ, ಸುಮ್ಮನೆ ಕೂಗಿದರೆ ಮರ್ಯಾದೆ ಹೋಗುತ್ತದೆ ಎಂದಿದ್ದ. "ಊದುಬತ್ತಿಗೆ ಕೂಗುವಷ್ಟು ನನ್ನ ಯಂತ್ರಕ್ಕೆ ಮರ್ಲು ಇಲ್ಲ" ಎಂದರು ಇವರು. ಮರ್ಲು ಎಂದರೆ ನಮ್ಮಲ್ಲಿ ಹುಚ್ಚು. ಈ ಮಾತನ್ನು ನಾನೇ ಕೇಳಿದ್ದೇನೆ.

ಹೋಮದ ಬೆಂಕಿಗೆ ನೀರು ಹಾಕುವುದಿಲ್ಲ, ಅದು ತಾನಾಗಿ ಶಾಂತವಾಗಬೇಕು. ಚಿಕ್ಕಪ್ಪ ಹಾಗೆಂದು ಹೇಳಿ ಕೆಳಗೆ ಉಪ್ಪಿಟ್ಟು ತಿನ್ನಲು ಹೋದರು. ಅಷ್ಟರಲ್ಲಿ ಅತಿಥಿಗಳು ಬರುವ ಹೊತ್ತಾಯಿತು, ಜಾಗ ಬೇಕಾಯಿತು. ಅಂಗಡಿಯ ಕೆಲಸದವರು ಕಬ್ಬಿಣದ ತಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿದ್ದ ಆ ಕುಂಡವನ್ನು, ಬೂದಿಯ ಅಡಿಯಲ್ಲಿ ಕೆಂಡ ಇದ್ದ ಹಾಗೆಯೇ, ಚಪ್ಪಲಿ ಕಳಚಿ ಭಕ್ತಿಯಿಂದ ಎತ್ತಿ ಹಿಂದಿನ ಗೋದಾಮಿನಲ್ಲಿ ಇಟ್ಟರು. ನೆಲದ ಮೇಲೆ ಇಡಬಾರದೆಂದು ಪ್ಲೈವುಡ್ಡಿನ ಮೇಲೆ ಇಟ್ಟರು. ಪಕ್ಕದಲ್ಲಿ ಸೀರೆ ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳು. ಅಗೌರವ ಆಗಬಾರದು ಎಂಬುದೊಂದೇ ಅವರ ತಲೆಯಲ್ಲಿ ಇದ್ದದ್ದು.

ಅಲಾರ್ಮ್ ಕೂಗಿದಾಗ ನಾನು ತರಗತಿಯಲ್ಲಿದ್ದೆ. ಎರಡನೇ ಮಹಡಿ, ಗೋದಾಮು ಎಂದು ಪ್ಯಾನೆಲ್ ತೋರಿಸಿತ್ತಂತೆ. ವಾರಿಜಕ್ಕ ನೋಡಿ ಬರಲು ಸೆಕ್ಯುರಿಟಿಯವನನ್ನು ಓಡಿಸಿ, ವಾಕಿಟಾಕಿಯಲ್ಲಿ ಕರೆದರೆ ಉತ್ತರ ಬರಲಿಲ್ಲವಂತೆ. ಅವನು ಅತಿಥಿಗಳ ಗುಂಪಿನಲ್ಲಿ ಸಿಕ್ಕಿಕೊಂಡಿದ್ದ. ಡಿಂಗ್ ಡಾಂಗ್. ಉಸಿರು. "ಎರಡನೇ ಮಹಡಿಯವರು ಮೊದಲು. ಎಡಗಡೆಯ ಮೆಟ್ಟಿಲು. ಮಕ್ಕಳ ಕೈ ಹಿಡೀರಿ. ಮೆಲ್ಲ ಜಪ್ಪುಲೆ." ಸ್ವರದಲ್ಲಿ ಎಂದಿನ ಜಗಳ ಇರಲಿಲ್ಲ, ತೂಗಿ ತೂಗಿ ಹೇಳಿದ ಹಾಗಿತ್ತು. ಜನ ಇಳಿದರು. ರೇಷ್ಮೆ ಶಾಲು ಹೊದ್ದ ಧಣಿಗಳೂ, ದೀಪ ಹಚ್ಚಲು ಮೇಣದ ಬತ್ತಿ ಹಿಡಿದಿದ್ದ ಅತಿಥಿಗಳೂ ಇಳಿದು ಬಿಸಿಲಿನಲ್ಲಿ ನಿಂತರು.

ನಮ್ಮ ಸರದಿ ಬಂದು ವಿದ್ಯಾರ್ಥಿಗಳ ಜೊತೆ ನಾನು ಇಳಿಯುವಾಗ ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಹೊಗೆ. ಅಲಾರ್ಮ್ ಕೇಳಿ ಮೇಲೆ ಓಡಿ ಬಂದಿದ್ದ ಚಿಕ್ಕಪ್ಪ ಬಗ್ಗಿ ನೀರು ಸುರಿಯುತ್ತಿದ್ದರು. ಅವರ ಕೈಯಲ್ಲಿ ಕಲಶದ ತಾಮ್ರದ ಚೆಂಬು ಇತ್ತೆಂದು ನನ್ನ ಕಣ್ಣಿಗೆ ಇವತ್ತೂ ಕಟ್ಟಿದೆ. ಚಿಕ್ಕಪ್ಪ ಹೇಳುವುದು, ಅದು ಶೌಚಾಲಯದ ಪ್ಲಾಸ್ಟಿಕ್ ಬಕೆಟ್ ಎಂದು. ಅವರು ಹೇಳುವುದೇ ಸರಿ ಇರಬೇಕು. ಚೆಂಬಿನ ಚಿತ್ರ ಹೆಚ್ಚು ಚಂದ ಉಂಟು ಎಂದು ನನ್ನ ತಲೆ ಅದನ್ನು ಮಾಡಿಕೊಂಡಿದೆ. ಆದರೆ ಪ್ಲೈವುಡ್ಡು ಕಪ್ಪಾಗಿತ್ತು. ಒಂದು ಪೆಟ್ಟಿಗೆಯ ಮೂಲೆ ಕರಿಕಲಾಗಿ ಹೊಗೆಯಾಡುತ್ತಿತ್ತು. ಅದು ಚಂದ ಇರಲಿಲ್ಲ.

ಕೆಳಗೆ ಬಂದಾಗ ಗಾಜಿನ ಕೋಣೆಯೊಳಗೆ ಪ್ರಭಾಕರ ವಾರಿಜಕ್ಕನ ಮುಂದೆ ನಿಂತಿದ್ದ, ಧಣಿಗಳು ಬಾಗಿಲಿನಲ್ಲಿ.

"ಮೈಕಿನಲ್ಲಿ ಹೇಳಿ ವಾರಿಜಕ್ಕ. ಬೆಂಕಿ ಎಂತ ಇಲ್ಲ, ಅಲಾರ್ಮಿನ ಗುಂಡಿ ತಪ್ಪಿ ಒತ್ತಿ ಹೋಯ್ತು ಅಂತ. ಎಲ್ಲ ಒಳಗೆ ಬರ್ತಾರೆ. ಕೆಲಸಕ್ಕೆ ಎಂತ ತೊಂದರೆ ಇಲ್ಲ ನಿಮಗೆ."

"ಹೇಳದಿದ್ರೆ?"

"ಹೇಳದಿದ್ರೆ ನೀವೇ ಯೋಚನೆ ಮಾಡಿ."

ನಾನು ಒಳಗೆ ನುಗ್ಗಿ, ಬೆಂಕಿ ನಿಜ, ನಾನು ನೋಡಿದ್ದೇನೆ ಎಂದೆ.

"ಬೆಂಕಿ ನೋಡಿದ್ರಾ ಟೀಚರ್? ಉರಿಯುವುದು?" ಎಂದ ಪ್ರಭಾಕರ.

"ಉರಿಯುವುದಲ್ಲ. ಹಲಗೆ ಕಪ್ಪಾಗಿತ್ತು."

"ಹಲಗೆ ಮೊದಲೇ ಕಪ್ಪಿತ್ತೋ ಎಂತದೋ. ನೀವು ಮೊದಲು ನೋಡಿದ್ರಾ?"

ಮೊದಲು ನೋಡಿರಲಿಲ್ಲ. ಹಾಗೆಂದೇ ಹೇಳಿದೆ. ನೋಡದ್ದನ್ನು ನೋಡಿದೆ ಎನ್ನಬಾರದು ಎಂಬ ನನ್ನ ಎಚ್ಚರವನ್ನು ಅವನು ಎಷ್ಟು ಚೆನ್ನಾಗಿ ಹಿಡಿದುಕೊಂಡ. ಸುಳ್ಳು ಹೇಳುವವನಿಗೆ ಒಂದು ಚೂರೂ ಅನುಮಾನ ಇರಲಿಲ್ಲ. ನಿಜ ಹೇಳುವ ನಾನು 'ಇರಬೇಕು', 'ಅನಿಸುತ್ತದೆ' ಎನ್ನುತ್ತಾ ನಿಂತಿದ್ದೆ.

ಅಷ್ಟರಲ್ಲಿ ಪಂಚೆಗೆಲ್ಲ ಮಸಿ ಮಾಡಿಕೊಂಡು ಚಿಕ್ಕಪ್ಪ ಬಂದರು. "ನಾನೇ ಆರಿಸಿದ್ದು. ಸ್ವಲ್ಪ ತಡ ಆಗಿದ್ರೆ ಪೆಟ್ಟಿಗೆಗಳಿಗೆಲ್ಲ ಹಿಡೀತಿತ್ತು" ಎಂದರು.

ಧಣಿಗಳು ಮೊದಲ ಬಾರಿಗೆ ಬಾಯಿ ತೆರೆದರು. ಗದರಲಿಲ್ಲ, ಬೇಡಿಕೊಳ್ಳುವ ಹಾಗೆ ಹೇಳಿದರು. "ಭಟ್ರೇ, ಅಂಗಡಿ ತೆರೆಯುವ ದಿನ, ಅದೂ ಹೋಮದ ಕೆಂಡದಿಂದ ಬೆಂಕಿ ಬಿತ್ತು ಅಂದ್ರೆ ಎಂತ ಅರ್ಥ? ಅಷ್ಟು ಅಪಶಕುನ ಕೇಳಿ ಮದುವೆ ಸೀರೆಗೆ ಯಾರು ಬರ್ತಾರೆ ನನ್ನಲ್ಲಿಗೆ? ಅಲಾರ್ಮ್ ತಪ್ಪಿ ಕೂಗಿತು ಅಂದ್ರೆ ಯಾರಿಗೂ ನಷ್ಟ ಇಲ್ಲ."

ಚಿಕ್ಕಪ್ಪ ಪಂಚೆಯ ಮಸಿ ಕೊಡವತೊಡಗಿದರು. ಶಕುನ ನೋಡಿ ಮುಹೂರ್ತ ಇಡುವುದೇ ಅವರ ವೃತ್ತಿ.

"ಯಾರಿಗೂ ನಷ್ಟ ಇಲ್ವಾ?" ವಾರಿಜಕ್ಕ ಕೇಳಿದರು. "ಇವತ್ತು ನಾನು ತಪ್ಪಿ ಒತ್ತಿದ್ದು ಅಂತ ಹೇಳಿದ್ರೆ ಇನ್ನೊಂದು ದಿನ ಜಪ್ಪುಲೆ ಅಂದಾಗ ಯಾರು ಇಳೀತಾರೆ? ಅವರಿಗೆ ಮರ್ಲು, ಮೊನ್ನೆ ಕೂಡ ಹಾಗೇ ಅಂತ ಸೀರೆ ನೋಡ್ತಾ ಕೂತ್ಕೊಳ್ತಾರೆ." ಆಮೇಲೆ ಮೈಕ್ ಹತ್ತಿರ ಎಳೆದುಕೊಂಡರು. ಪ್ರಭಾಕರನ ಮುಖದಲ್ಲಿ ನೆಮ್ಮದಿ ಕಂಡಿತು.

ಡಿಂಗ್ ಡಾಂಗ್. ಉಸಿರು.

"ಎರಡನೇ ಮಹಡಿಯ ಗೋದಾಮಿನಲ್ಲಿ ಬೆಂಕಿ ಇತ್ತು. ಭಟ್ರು ಆರಿಸಿದ್ದಾರೆ. ಈಗ ಎಂತ ಹೆದರಿಕೆ ಇಲ್ಲ, ಎಲ್ಲರೂ ಒಳಗೆ ಬರ್ಬಹುದು. ಮೆಲ್ಲ ಹತ್ತಿ."

ಅದು ಅವರ ಕೊನೆಯ ಪ್ರಕಟಣೆ. ಮರುದಿನ ಗೇಟಿನಲ್ಲೇ ಅವರನ್ನು ತಡೆದರು. ಕುರ್ಚಿಯನ್ನೂ ಹೊರಗೆ ತಂದಿಟ್ಟಿದ್ದರಂತೆ, ಇವರು ಮುಟ್ಟದೆ ಹೋದರಂತೆ. ಸಂಜೆಯ ಹೊತ್ತಿಗೆ ಕಟ್ಟಡದಲ್ಲೆಲ್ಲ ಒಂದೇ ಕಥೆ: ಆ ಹೆಂಗಸಿಗೆ ಧಣಿಗಳ ಮೇಲೆ ಹಳೆಯ ಸಿಟ್ಟು, ಬೇಕೆಂದೇ ಒತ್ತಿದ್ದು. ಕಾರಿನ ಪ್ರಸಂಗವನ್ನು ಸಾಕ್ಷಿಗೆ ತಂದರು. ಮೆಟ್ಟಿಲು ಇಳಿದು ಜೀವಂತವಾಗಿ ಬಿಸಿಲಿನಲ್ಲಿ ನಿಂತವರೇ ಹಾಗೆ ಹೇಳಿದರು. ನನ್ನ ಸಹೋದ್ಯೋಗಿಗಳೂ ಹೇಳಿದರು. ನಾನು ವಾದಿಸಿದೆ, ಕೂಗಾಡಿದೆ, "ನೀವು ಸರಿಯಾಗಿ ನೋಡಿದ್ರಾ?" ಎಂದು ಅವರೂ ಕೇಳಿದರು. ಈಗ ಸ್ಪೀಕರಿನಲ್ಲಿ ಯಾವುದೋ ಊರಿನ ಹೆಣ್ಣಿನ ರೆಕಾರ್ಡ್ ಮಾಡಿದ ಸ್ವರ ಬರುತ್ತದೆ. ಅದಕ್ಕೆ ಉಸಿರು ಇಲ್ಲ. ಆತ್ಮೀಯ ಗ್ರಾಹಕರೇ, ದಯವಿಟ್ಟು ಗಾಬರಿಯಾಗಬೇಡಿ ಎನ್ನುತ್ತದೆ.

ಕೆಲವು ತಿಂಗಳ ನಂತರ ವಾರಿಜಕ್ಕ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದರು. ಅಕ್ಕನ ಮಗಳ ಮನೆಗೆ ಹೋಗಿ ಬಂದದ್ದಂತೆ. ನನ್ನ ಜೊತೆ ಮಾತಾಡುತ್ತಾ ಕಟ್ಟಡದವರೆಗೆ ಬಂದು, ಗಾಜಿನ ಕಿಟಕಿಯ ಮುಂದೆ ನಿಂತುಬಿಟ್ಟರು. ಒಳಗೆ ಹಳದಿ ದೀಪ ಹತ್ತಿತ್ತು.

"ಯಾವ ಅಂಗಡಿಯಲ್ಲಿ ಹೋಮ ಇವತ್ತು?"

"ಹೋಮ ಇಲ್ಲ ಅಕ್ಕ" ಎಂದ ಹೊಸ ಆಪರೇಟರ್. "ಎರಡನೇ ಮಹಡಿಯದ್ದು. ನಾನು ಬಂದಾಗಿಂದ ಹಾಗೇ ಉಂಟು. ಮುಟ್ಬೇಡ ಅಂದಿದ್ದಾರೆ ಮ್ಯಾನೇಜರ್."

ವಾರಿಜಕ್ಕ ಅವನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸೀದಾ ಮೆಟ್ಟಿಲು ಹತ್ತಿ ಸೀರೆ ಅಂಗಡಿಗೆ ಹೋಗಿ, ಗೋದಾಮಿನ ಬಾಗಿಲಿನ ಹತ್ತಿರದ ಸ್ಟೂಲಿನ ಮೇಲೆ ಕೂತರು. ಸೇಲ್ಸಿನ ಹುಡುಗಿ ಬಂದಳು.

"ಎಂತ ತೋರಿಸ್ಲಿ ಅಕ್ಕ? ಮದುವೆಗಾ?"

"ಎಂತ ಬೇಡ ಮಗಾ. ಸ್ವಲ್ಪ ಕೂತ್ಕೊಳ್ತೇನೆ."

ಕೂತೇ ಇದ್ದರು. ನಾನು ಪಾಠ ಮುಗಿಸಿ ಇಳಿದು ಬಂದಾಗಲೂ ಅಲ್ಲೇ, ಬೆನ್ನು ನೆಟ್ಟಗೆ ಮಾಡಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರೆಳೆಯುತ್ತಾ. ಆಮೇಲೆ ಎದ್ದರು.

"ನನಗೆ ಉಳ್ಳಾಲದ ಬಸ್ಸು ತಪ್ತದೆ. ನಿಮ್ಮ ಮೂಗು ಸರಿ ಉಂಟಾ ಟೀಚರ್?"

"ಉಂಟು. ಸ್ವಲ್ಪ ಶೀತ."

"ಸಾಕು" ಎಂದು ಇಳಿದು ಹೋದರು. ಆಮೇಲೆ ಆ ಕಡೆ ಬಂದಿಲ್ಲ. ಫೋನು ಮಾಡಿದರೆ, ಹಳದಿ ಉಂಟಾ ಎಂದು ಕೇಳುತ್ತಾರೆ. ಉಂಟು ಎಂದರೆ ಇಟ್ಟುಬಿಡುತ್ತಾರೆ.

ನಾನು ಪ್ರಭಾಕರನಿಗೆ ಹೇಳಿ ಸಾಕಾಗಿ ಅಗ್ನಿಶಾಮಕ ಇಲಾಖೆಗೆ ದೂರು ಕೊಟ್ಟೆ. ತಪಾಸಣೆಗೆ ಬಂದ ದಿನ ದೀಪ ಆರಿತ್ತು. ಅವರ ಜೀಪು ಹೋದ ಮೇಲೆ ಮತ್ತೆ ಹತ್ತಿತು. ಇದನ್ನು ಕಣ್ಣಾರೆ ನೋಡಿದ್ದೇನೆ, ಇದರಲ್ಲಿ ನನಗೆ ಅನುಮಾನ ಇಲ್ಲ.

ಎರಡು ತರಗತಿಗಳ ನಡುವೆ ಬಿಡುವು ಸಿಕ್ಕಿದಾಗ ಇಳಿದು ಹೋಗಿ ಆ ಸ್ಟೂಲಿನ ಮೇಲೆ ಕೂರುತ್ತೇನೆ. ಹೊಸ ರೇಷ್ಮೆಯ ವಾಸನೆ, ರಟ್ಟಿನ ವಾಸನೆ. ಸೇಲ್ಸಿನ ಹುಡುಗಿಯರು ಈಗ ನನಗೆ ಸೀರೆ ತೋರಿಸಲು ಬರುವುದಿಲ್ಲ.