ಜಗಲಿಯ ಮೇಲೆ ಕೂತ ಮುನಿಸಿಪಾಲಿಟಿ

ಇವತ್ತು ಬೆಳಗಿನಿಂದ ಮಾಡಿದ ಕೆಲಸಗಳು ಇವು: ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟೆ. ಮಜ್ಜಿಗೆ ಕಡೆದೆ. ಅತ್ತೆಯವರ ಪೂಜೆಗೆ ಪತ್ರೆ, ವಿಭೂತಿ, ನೀರು ಅಣಿ ಮಾಡಿದೆ. ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿ ಮೊಳಕೆ ಬಿಟ್ಟಿದೆಯೇ ಎಂದು ಬಿಚ್ಚಿ ನೋಡಿದೆ. ರಾಗಿ ಹಪ್ಪಳವನ್ನು ಜಗಲಿಯ ತುದಿಯಲ್ಲಿ ಹರವಿ, ಕಾಗೆ ಕಾಯಲು ಅತ್ತೆಯವರ ಕೈಗೆ ಕೋಲು ಕೊಟ್ಟೆ. ಲಾಟೀನಿನ ಗಾಜು ಒರೆಸಿ, ಸೀಮೆಎಣ್ಣೆ ಎಷ್ಟು ಉಳಿದಿದೆ ಎಂದು ಡಬ್ಬ ಅಲ್ಲಾಡಿಸಿ, ಯುದ್ಧ ಮಾಡುವವರನ್ನೆಲ್ಲ ಒಂದು ಸಲ ಬೈದೆ. ಆಮೇಲೆ ಮುನಿಸಿಪಾಲಿಟಿಗೆ ಮಜ್ಜಿಗೆ ಕೊಟ್ಟೆ.

ಕೊನೆಯದು ದಿನಾ ಮಾಡುವ ಕೆಲಸವಲ್ಲ. ಆದ್ದರಿಂದ ಅದರ ಕಥೆ ಹೇಳಬೇಕು.

ನಮ್ಮದು ಹೊಳೆನರಸೀಪುರದ ಪೇಟೆ ಬೀದಿ. ನಮ್ಮ ಮನೆಯವರದು ಬೆಲ್ಲದ ಮಂಡಿ. ಮಂಡಿಯ ಜೊತೆಗೆ ಈಚೆಗೆ ಮುನಿಸಿಪಾಲಿಟಿಯ ಮೆಂಬರಿಕೆಯೂ ಅಂಟಿಕೊಂಡಿದೆ. ಬೆಲ್ಲದ ಕೈಗೆ ಏನಾದರೂ ಅಂಟಿಕೊಳ್ಳುವುದು ಸಹಜವೇ. ಮುನಿಸಿಪಾಲಿಟಿಯ ಸಭೆಯಲ್ಲಿ ಹೆಂಗಸರಿಗೆ ಜಾಗವಿಲ್ಲ ಎನ್ನುತ್ತಾರೆ. ನನಗೇನೋ ಸಭೆಯ ಒಂದು ಮಾತೂ ತಪ್ಪಿದ್ದಿಲ್ಲ. ಸಭೆಯ ದಿನ ಇವರು ಮುದ್ದೆ ಮುರಿಯುವ ಮೊದಲು ಅಧ್ಯಕ್ಷರ ಭಾಷಣ, ಸಾರಿಗೆ ಕೈ ಹಾಕಿದಾಗ ಚರ್ಚೆ, ಮಜ್ಜಿಗೆಯ ಹೊತ್ತಿಗೆ ನಿರ್ಣಯ. ಅಲ್ಲಿ ಹೇಳಬೇಕಾಗಿದ್ದು, ಆದರೆ ಹೊಳೆಯದೇ ಹೋದದ್ದು, ಕೈ ತೊಳೆಯುವಾಗ ಬರುತ್ತದೆ.

ಹೋದ ವರ್ಷವೆಲ್ಲ ಯಾವ ಕೆಲಸ ಯಾವ ಬೀದಿಯಲ್ಲಿ ನಡೆಯಬೇಕು ಎಂಬ ಮಾತೇ ನಡೆಯಿತು. ಎಣ್ಣೆಗಾಣ ಎಲ್ಲಿರಬೇಕು, ಕುಂಬಾರರ ಆವಿಗೆಯ ಹೊಗೆ ಯಾವ ಕಡೆ ಹೋಗಬೇಕು, ಕಾಫಿ ಹೋಟೆಲು ದೇವಸ್ಥಾನದಿಂದ ಎಷ್ಟು ದೂರವಿದ್ದರೆ ದೇವರಿಗೆ ಬೇಸರವಿಲ್ಲ. ಹೊಗೆ ಊರಿನ ಹೊರಗಿರಬೇಕೆಂಬುದಕ್ಕೆ ಎಲ್ಲರ ಒಪ್ಪಿಗೆಯೂ ಇತ್ತಂತೆ. ಊರಿನ ಹೊರಗು ಎಂದರೆ ಪ್ರತಿಯೊಬ್ಬ ಮೆಂಬರಿಗೂ ಇನ್ನೊಬ್ಬ ಮೆಂಬರಿನ ಬೀದಿ.

ಅದಾದ ಮೇಲೆ ಬೋರ್ಡು ಬಂತು. ಪೇಟೆ ಬೀದಿಯ ಬಾಯಲ್ಲಿ, ಒಳ್ಳೆಯ ಮತ್ತಿಮರದ ಕಂಬ ನೆಟ್ಟು, ‘ಇಲ್ಲಿ ಗಾಡಿ ನಿಲ್ಲಿಸಕೂಡದು’ ಎಂದು ಬಿಳಿ ಅಕ್ಷರದಲ್ಲಿ ಬರೆಸಿದರು. ಮೊದಲ ಸಂತೆಯ ದಿನವೇ ಆ ಕಂಬಕ್ಕೆ ಎರಡು ಜೊತೆ ಎತ್ತು ಕಟ್ಟಿದ್ದರು. ನಮ್ಮ ಮಂಡಿಗೆ ಬೆಲ್ಲ ತರುವ ಹಳೇಕೋಟೆಯ ಜವರಾಯಿ ಅಂದು ಜಗಲಿಯ ಮುಂದೆ ನಿಂತು, "ಗೂಟ ಹೊಡ್ಸವ್ರೆ ಕಣವ್ವಾ, ಪುಣ್ಯಾತ್ಮರು! ಎಂಥಾ ಹೋರಿ ಎಳುದ್ರೂ ಅಲ್ಲಾಡಾಕಿಲ್ಲ" ಎಂದು ಮುನಿಸಿಪಾಲಿಟಿಯನ್ನು ಮನಸಾರೆ ಹರಸಿದ. ಅದಕ್ಕೆ ಹರಕೆ ಸಿಕ್ಕಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಇಷ್ಟಾದ ಮೇಲೆ ಪಾರ್ಕು. ಅಧ್ಯಕ್ಷರು ವಕೀಲ ಶೇಷಗಿರಿರಾಯರು. ನಮ್ಮ ಊರಿನಲ್ಲೇ ಹುಟ್ಟಿ ಬೆಳೆದವರು, ಸಜ್ಜನರು, ಮೈಸೂರಿಗೆ ಹೋದಾಗಲೆಲ್ಲ ಒಂದು ಹೊಸ ಆಸೆ ಹೊತ್ತು ಬರುವವರು. ಅಲ್ಲಿನ ತೋಟಗಳಲ್ಲಿ ಸಿಮೆಂಟಿನ ಬೆಂಚುಗಳ ಮೇಲೆ ಜನ ಸಂಜೆ ತಣ್ಣಗೆ ಕೂತಿರುವುದನ್ನು ಕಂಡು, ನಮ್ಮ ಜನಕ್ಕೂ ಕೂರುವ ಭಾಗ್ಯ ಬರಲಿ ಎಂದುಕೊಂಡರು. ಸಂತೆ ಮಾಳದ ಪಕ್ಕದ ಹೊಂಗೆಮರಗಳ ಬಯಲಿಗೆ ಬೇಲಿ ಬಂತು. ಬೇಲಿಯ ಒಳಗೆ ಗಿಡವೂ ಇಲ್ಲ, ಬೆಂಚೂ ಇಲ್ಲ. ಯುದ್ಧ ಮುಗಿಯದೆ ಸಿಮೆಂಟು ಸಿಗದಂತೆ.

ಆ ಬಯಲಿನಲ್ಲಿ ಹಿಂದಿನಿಂದಲೂ ನಿಲ್ಲುತ್ತಿದ್ದ ಗಾಡಿಗಳೆಲ್ಲ ಪೇಟೆ ಬೀದಿಗೆ ಬಂದವು. ಅದೇ ಬೀದಿಯಲ್ಲಿ ಹಾಸನದ ಬಸ್ಸೂ ಬರಬೇಕು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ನಮ್ಮ ಬಸ್ಸು ಬೆನ್ನಿಗೆ ಒಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತದೆ. ಓಡುತ್ತದೆ ಎಂಬುದು ಮರ್ಯಾದೆಯ ಮಾತು. ಗಾಡಿ ಎದುರಾದರೆ ನಿಲ್ಲುತ್ತದೆ; ನಿಂತರೆ ಒಲೆ ಊದಿ ಎಬ್ಬಿಸಬೇಕು. ಬೀದಿ ಕಟ್ಟಿಕೊಂಡಿತು. ಕಾರಣವೇನೆಂದು ಸಭೆ ಕೂತು ಯೋಚಿಸಿ, ಜಗಲಿಗಳೇ ಕಾರಣ ಎಂದು ಕಂಡುಹಿಡಿಯಿತು. ಮೋರಿ ದಾಟಿ ಮುಂದೆ ಬಂದಿರುವ ಜಗಲಿಗಳನ್ನೆಲ್ಲ ಕೆಡವತಕ್ಕದ್ದು. ಜಗಲಿಯಲ್ಲಿ ಕೂರುವವರು ಇನ್ನು ಮುಂದೆ ಪಾರ್ಕಿನಲ್ಲಿ ಕೂರತಕ್ಕದ್ದು. ಇವರು ಕೈ ಎತ್ತಿ ಬಂದರು.

ಆ ದಿನ ಬಡಿಸುತ್ತಾ ಕೇಳಿದೆ: "ನಮ್ಮ ಜಗಲಿ?"

"ನಮ್ಮದು ಮೋರಿ ದಾಟಿಲ್ಲ ಕಣೇ."

"ನಮ್ಮ ಮನೆ ಮುಂದೆ ಮೋರಿ ಎಲ್ಲಿದೆ?"

ಇವರು ಬಾಗಿಲ ಕಡೆ ನೋಡಿದರು. ಸಾರಿನ ಕಡೆ ನೋಡಿದರು. ನಾನೇ ಹೇಳಬೇಕಾಯಿತು: "ಮಳೆ ಬಂದಾಗ ನೀವು ಕೂತಿರೋ ಚಪ್ಪಡಿ ಕೆಳಗೆ ಗುಳುಗುಳು ಅನ್ನತ್ತಲ್ಲ, ಅದೇನು ಅಂದ್ಕೊಂಡಿದ್ರಿ?"

ಪಕ್ಕದ ಮನೆಯ ಹತ್ತಿರ ತೆರೆದುಕೊಂಡು ಬರುವ ಮೋರಿ, ನಮ್ಮ ಜಗಲಿಯ ಚಪ್ಪಡಿಯ ಅಡಿಯಲ್ಲಿ ನುಸುಳಿ, ಆಚೆ ಮನೆಯ ಮುಂದೆ ಮತ್ತೆ ಬೆಳಕು ಕಾಣುತ್ತದೆ. ಹುಟ್ಟಿದಾಗಿನಿಂದ ಅದರ ಮೇಲೆ ಕೂತು ಪೇಪರು ಓದಿದವರಿಗೆ ಅದು ತಿಳಿದಿರಲಿಲ್ಲ. ಇದಕ್ಕೆ ನಾನು ನಗುವುದಿಲ್ಲ. ಒಲೆಯ ಮುಂದೆ ಇಷ್ಟು ವರ್ಷ ಕೂತ ನನಗೂ, ನಮ್ಮ ಹೊಗೆ ಯಾರ ಮನೆಯ ಮೇಲೆ ಹೋಗುತ್ತದೆಂದು ಕೇಳಿದರೆ ಗೊತ್ತಿಲ್ಲ.

ಇವರ ಹೆದರಿಕೆ ಕಲ್ಲುಚಪ್ಪಡಿಯ ವಿಷಯಕ್ಕಲ್ಲ, ಅತ್ತೆಯವರ ವಿಷಯಕ್ಕೆ. ಅತ್ತೆಯವರಿಗೆ ಕಣ್ಣಿಗೆ ಪೊರೆ ಬಂದು, ಈಗ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಪೂಜೆ ಮುಗಿಸಿ, ಗೋಡೆ ಹಿಡಿದು ಬಂದು, ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆಂದರೆ ಬೀದಿಯೆಲ್ಲ ಅವರ ಕಿವಿಯಲ್ಲಿ. ಹೆಜ್ಜೆಯ ಸದ್ದಿನಲ್ಲೇ ಮನುಷ್ಯರನ್ನು ಹೆಸರು ಹಿಡಿದು ಕರೆಯುತ್ತಾರೆ, ಕರೆದವರು ನಿಲ್ಲುತ್ತಾರೆ, ನಿಂತವರು ಕೂರುತ್ತಾರೆ. ಒಳಗಿನ ಕೋಣೆಯಲ್ಲಿ ಅವರು ಒಬ್ಬ ಮುದುಕಿ. ಜಗಲಿಯ ಮೇಲೆ ಊರಿನ ಹಿರಿಯರು. ಪಾರ್ಕಿನ ಬೆಂಚಿಗೆ ಅವರನ್ನು ಯಾರು ಕೈಹಿಡಿದು ಕರೆದೊಯ್ಯಬೇಕು? ಕರೆದೊಯ್ದರೂ ಅಲ್ಲಿ ಯಾರ ಹೆಜ್ಜೆ ಕೇಳಬೇಕು?

ನನಗೆ ಪಾಠ ಹೇಳಿದ ಚನ್ನರಾಯಪಟ್ಟಣದ ಮೇಷ್ಟರೊಬ್ಬರು, ಜಗಲಿ ಎಂಬುದು ಜಗತಿಯೇ ಎನ್ನುತ್ತಿದ್ದರು. ಬೇಲೂರು ಹಳೇಬೀಡುಗಳಲ್ಲಿ ಗುಡಿ ನಿಂತಿರುವ ಎತ್ತರದ ಕಟ್ಟೆಗೆ ಜಗತಿ ಎಂದು ಹೆಸರಂತೆ. ದೇವರು ಒಳಗೆ, ಊರು ಹೊರಗೆ, ನಡುವೆ ಜಗತಿ. ಬಂದವನು ಅಲ್ಲಿ ಒಂದು ಸುತ್ತು ಹಾಕಿ, ಉಸಿರು ಸರಿ ಮಾಡಿಕೊಂಡು, ಆಮೇಲೆ ಒಳಗೆ ಹೋಗಬೇಕು. ಮನೆಗಾದರೂ ಅಷ್ಟೇ ಅಲ್ಲವೇ? ಒಳಗೆ ಕರೆಯಲಾಗದವರನ್ನು, ಹೊರಗೇ ಕಳಿಸಲಾಗದವರನ್ನು ಕೂರಿಸಲು ಒಂದು ಜಾಗ ಬೇಕು. ಲೋಕದಲ್ಲಿ ಮುಕ್ಕಾಲು ಪಾಲು ಜನ ಅಂಥವರೇ. ಮೇಷ್ಟರ ಮಾತು ಎಷ್ಟು ಸರಿಯೋ ಪಂಡಿತರು ಹೇಳಲಿ. ಇವರು ಕೈ ಎತ್ತಿ ಬಂದ ಮೇಲೆ ನನಗಂತೂ ಅದೇ ಮತ್ತೆ ಮತ್ತೆ ನೆನಪಾಯಿತು.

ಅತ್ತೆಯವರಿಗೆ ಹೇಳುವವರು ಯಾರು? ಇವರು "ನೀನು ಹೇಳು" ಎಂದರು. ನಾನು "ಕೈ ಎತ್ತಿದ್ದು ನಾನಲ್ಲ" ಎಂದೆ. ಅಲ್ಲಿಂದ ಇವರಿಗೆ ನಿದ್ದೆ ಕೆಟ್ಟಿತು. ತಾಯಿ ಜಗಲಿಯಲ್ಲಿದ್ದಾರೆಂದು ಇವರು ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು.

ಇವತ್ತು ಅಳತೆಯ ದಿನ. ಬಿಸಿಲು ಏರುವ ಹೊತ್ತಿಗೆ ಅಧ್ಯಕ್ಷರು, ಟೇಪು ಹಿಡಿದ ಓವರ್ಸಿಯರು, ಮೆಂಬರುಗಳು, ಅವರ ಹಿಂದೆ ಮುಖ ತಪ್ಪಿಸಿಕೊಂಡು ನಮ್ಮವರು, ಎಲ್ಲ ಬೀದಿಯ ತುದಿಯಿಂದ ಅಳೆಯುತ್ತಾ ಬಂದರು. ನಮ್ಮ ಮನೆ ಇನ್ನೇನು ಬಂತು ಅನ್ನುವಾಗ ಒಂದು ಕಡೆಯಿಂದ ಜವರಾಯಿಯ ಬೆಲ್ಲದ ಗಾಡಿ, ಇನ್ನೊಂದು ಕಡೆಯಿಂದ ಹಾಸನದ ಬಸ್ಸು. ಬಸ್ಸು ನಿಂತಿತು. ಹೊಗೆ ಎದ್ದಿತು. ಎತ್ತು ಬೆದರಿ ಕೊಂಬು ಬೀಸಿತು. ಮುನಿಸಿಪಾಲಿಟಿಗೆ ಉಳಿದದ್ದು ಒಂದೇ ದಾರಿ: ಅಧ್ಯಕ್ಷರಾದಿಯಾಗಿ ಎಲ್ಲರೂ ಪಂಚೆ ಎತ್ತಿಕಟ್ಟಿ ನಮ್ಮ ಜಗಲಿ ಹತ್ತಿದರು. ಹಪ್ಪಳ ಎಷ್ಟು ತುಳಿದರೋ ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ಅತ್ತೆಯವರು ಕೋಲು ಬೀಸಿ, "ಅಯ್ಯೋ ಕಾಗೆಗಳಾ!" ಎಂದರು. ಆಮೇಲೆ ಕಿವಿಗೊಟ್ಟು, "ಯಾರಪ್ಪಾ ಅದು, ಶೇಷಗಿರಿಯಾ? ನಿಂತ್ಕಂಡೇ ಇದ್ದೀಯಲ್ಲ, ಕೂತ್ಕೊ. ನಿಮ್ಮವ್ವನ ಮಂಡಿ ನೋವು ಎಂಗದೆ?" ಎಂದು ಕೇಳಿದರು.

ಹಾಗೆ ಕೇಳಿದ ಮೇಲೆ ನಿಲ್ಲುವುದಕ್ಕಾಗುತ್ತದೆಯೇ? ರಾಯರು ಕೂತರು. ಅವರು ಕೂತ ಮೇಲೆ ಎಲ್ಲರೂ ಕೂತರು. ಜಗಲಿಯ ಮೇಲೆ ಕೂತವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ವಾಡಿಕೆ; ಅದಕ್ಕೆ ಯೋಚನೆ ಮಾಡುವ ಅಭ್ಯಾಸವೇ ನನಗಿಲ್ಲ, ಕೈ ತಾನಾಗಿ ತಟ್ಟೆಗೆ ಹೋಗುತ್ತದೆ. ಬೆಲ್ಲದ ಚೂರು, ತಂಬಿಗೆ ನೀರು, ಹಿಂದೆಯೇ ಕರಿಬೇವು ಹಾಕಿದ ಮಜ್ಜಿಗೆ. ಎಲ್ಲರೂ ಕುಡಿದರು. ಓವರ್ಸಿಯರು ಎರಡನೆಯ ಲೋಟ ಕೇಳಿ ಕುಡಿದರು.

ಗಂಟಲು ತಣ್ಣಗಾದ ಮೇಲೆ ಅಧ್ಯಕ್ಷರು ಜವರಾಯಿಯ ಕಡೆ ತಿರುಗಿ, "ಏನಯ್ಯಾ, ಗಾಡಿ ನಿಲ್ಲಿಸೋಕೆ ನಿನಗೆ ಈ ಬೀದೀನೇ ಆಗಬೇಕಾ?" ಎಂದು ಗದರಿದರು.

"ಇನ್ನೆಲ್ಲಿಗೆ ಓಗ್ಲಿ ಸಾ? ಹೊಂಗೆಮರದ ತಾವ ನಿಲ್ಲುಸ್ತಿದ್ದೊ. ತಾವೇ ಬೇಲಿ ಹಾಕ್ಸುದ್ರಿ. ಒಳಗೆ ಕತ್ತೆ ಮೇಯ್ತಾ ಅವೆ. ಕತ್ತೆಗಿರೋ ಮರ್ವಾದೆ ಎತ್ತಿಗಿಲ್ವಾ?"

ಬಸ್ಸಿನಲ್ಲಿದ್ದವರೂ ನಕ್ಕರು. ರಾಯರು ಸಿಟ್ಟಾಗುತ್ತಾರೇನೋ ಎಂದುಕೊಂಡೆ. ಅವರು ಲೋಟ ಕೆಳಗಿಟ್ಟು, ಬಸ್ಸನ್ನೂ ಗಾಡಿಯನ್ನೂ ನೋಡಿ, ತಾವೂ ನಕ್ಕುಬಿಟ್ಟರು. "ಬೇಲಿ ನಾನೇ ಹಾಕಿಸಿದ್ದು, ನಿಜ" ಎಂದರು.

ಅಷ್ಟರಲ್ಲಿ ಅತ್ತೆಯವರು ತಾವು ಕೂತ ಚಪ್ಪಡಿಯನ್ನು ಅಂಗೈಯಿಂದ ತಟ್ಟಿ, "ಅಂಗಾದ್ರೆ ಇದ ಯಾವತ್ತು ಕೆಡವ್ಸ್ತೀಯಪ್ಪಾ? ಇವತ್ತೇ ಆದ್ರೆ ಮಜ್ಜಿಗೆ ಪೂರ್ತಾ ಕುಡುದ್ಬುಟ್ಟು ಏಳಿ. ಎದ್ದ ಮೇಲೆ ಕೂರಕ್ಕೆ ಜಾಗ ಇರಾಕಿಲ್ಲ" ಎಂದರು.

ಬಾಗಿಲ ಹಿಂದೆ ನಿಂತಿದ್ದ ನಾನೂ, ಕಂಬದ ಮರೆಯಲ್ಲಿದ್ದ ಇವರೂ ಮುಖ ಮುಖ ನೋಡಿಕೊಂಡೆವು. ಯಾರು ಹೇಳಿದ್ದು ಅತ್ತೆಯವರಿಗೆ? ಯಾರೂ ಹೇಳಬೇಕಾಗಿರಲಿಲ್ಲ. ಬೀದಿಯ ಮಾತೆಲ್ಲ ಬಂದು ಕೂರುವ ಜಗಲಿಗೆ, ಜಗಲಿಯ ಮಾತು ಬಾರದೇ ಇರುತ್ತದೆಯೇ?

ರಾಯರು ಕೈಯಲ್ಲಿದ್ದ ಬೆಲ್ಲದ ಚೂರನ್ನು ನೋಡಿದರು. ಬೆಲ್ಲ ತಿಂದ ಮನೆಗೆ ಕೇಡು ಬಗೆಯುವವರನ್ನು ನಮ್ಮ ಕಡೆ ಯಾರೂ ಒಳ್ಳೆಯ ಮಾತಿನಿಂದ ಕರೆಯುವುದಿಲ್ಲ. ವಕೀಲರಿಗೂ ಅದರಿಂದ ರಿಯಾಯಿತಿ ಇಲ್ಲ. ಚೂರನ್ನು ಬಾಯಿಗೆ ಹಾಕಿಕೊಂಡು ಹೇಳಿದರು: "ಇಲ್ಲವ್ವಾ, ಕೆಡವಿಸೋಲ್ಲ. ನಿಮ್ಮದೊಂದೇ ಅಲ್ಲ, ಯಾರದೂ ಕೆಡವಿಸೋಲ್ಲ. ಬೇಲಿ ತೆಗೆಸಿ ಗಾಡಿಗಳಿಗೆ ಅರ್ಧ ಬಯಲು ಬಿಡೋಣ. ಮಿಕ್ಕ ಅರ್ಧ ಪಾರ್ಕಾಗಲಿ." ಓವರ್ಸಿಯರಿಗೆ, "ಟೇಪು ಸುತ್ತಯ್ಯಾ" ಎಂದರು. ಪಾರ್ಕಿಗೆ ಬೆಂಚು ಬಂದ ಮೇಲೆ ಜಗಲಿಯ ವಿಷಯ ಮತ್ತೆ ಯೋಚಿಸತಕ್ಕದ್ದು ಎಂದು ಅಲ್ಲೇ ಮಾತಾಯಿತು. ಸಭೆಯ ಕೊಠಡಿಯಲ್ಲಿ ಕುರ್ಚಿಯ ಮೇಲೆ ಕೂತು ವರ್ಷವಿಡೀ ಬಗೆಹರಿಯದ್ದು, ನಮ್ಮ ಜಗಲಿಯ ಮೇಲೆ ಕಾಲು ಮಡಿಸಿ ಕೂತ ಮೇಲೆ ಬಸ್ಸಿನ ಒಲೆ ಹೊತ್ತಿಕೊಳ್ಳುವಷ್ಟರಲ್ಲಿ ಬಗೆಹರಿಯಿತು.

ಎಲ್ಲ ಹೋದ ಮೇಲೆ ಇವರು ಒಳಗೆ ಬಂದು, "ಬೆಲ್ಲ ಕೊಟ್ಟು ಕಟ್ಟಿಹಾಕಿದೆಯಲ್ಲೇ, ಭಾರೀ ಚಾಣಾಕ್ಷೆ ನೀನು!" ಎಂದರು. ಅಲ್ಲ ಎಂದರೆ ನಂಬಲಿಲ್ಲ. ಸರಿ, ಚಾಣಾಕ್ಷೆ ಎಂದರೆ ನನಗೇನು ನಷ್ಟ? ಆಮೇಲೆ ಇವರು ತಾಯಿಯ ಹತ್ತಿರ ಹೋಗಿ, ತಲೆ ಕೆರೆಯುತ್ತಾ, "ಅವ್ವಾ, ಅವತ್ತು ಸಭೇಲಿ..." ಎಂದು ಶುರುಮಾಡಿದರು.

"ನೀನೂ ಕೈ ಎತ್ತಿದ್ದೆ ಅಂತ ಅವತ್ತೇ ಕೇಳ್ದೆ ಕಣ್ಲಾ" ಎಂದರು ಅತ್ತೆ. "ನೀನು ಹಿತ್ಲ ಬಾಗ್ಲಲ್ಲಿ ಓಡಾಡ್ತಿದ್ದೆ. ನಿನ್ ಹೆಜ್ಜೆ ನಂಗೆ ಗೊತ್ತಾಗಾಕಿಲ್ವಾ? ಓಗ್ಲಿ ಬುಡು, ಆ ಹಪ್ಪಳ ಆರಿಸು."

ಮೆಂಬರು ಕೂತು ಹಪ್ಪಳ ಆರಿಸಿದರು. ಅಧ್ಯಕ್ಷರ ಪಾದದ ಗುರುತು ಬಿದ್ದದ್ದನ್ನು ಹಸುವಿಗೆ ಹಾಕಿದೆವು. ಬೆಂಚು ಬಂದ ಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಆದರೆ ಬೆಂಚಿನ ವಿಷಯ ಮಾತಾಡಲೂ ಅವರು ಎಲ್ಲಾದರೂ ಕೂರಬೇಕಲ್ಲ. ಮಜ್ಜಿಗೆ ನಮ್ಮಲ್ಲಿ ದಿನಾ ಇರುತ್ತದೆ.

ಸಂಜೆಗೆ ಬಿಸಿ ಮುದ್ದೆ, ಮೊಳಕೆ ಹುರುಳಿಯ ಸಾರು, ಒಡೆದ ಹಪ್ಪಳಗಳನ್ನು ಕೆಂಡದಲ್ಲಿ ಸುಟ್ಟದ್ದು. ಇವರು ಸಭೆಯ ವಿಷಯ ಒಂದೂ ಹೇಳದೆ ಎರಡು ಮುದ್ದೆ ಉಂಡರು. ಸೆಕೆ ಎಂದು ಮೂವರೂ ಜಗಲಿಯಲ್ಲಿ ಚಾಪೆ ಹಾಕಿದೆವು. ಅತ್ತೆಯವರು ಬೀದಿಯಲ್ಲಿ ಮನೆಗೆ ಹೋಗುವವರ ಹೆಜ್ಜೆಗಳನ್ನು ಒಂದೊಂದಾಗಿ ಹೆಸರಿಸುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಮೊದಲು ನಿದ್ದೆ ಹೋದವರು, ಮೋರಿಯ ಚಪ್ಪಡಿಯ ಮೇಲೆ ಸರಿಯಾಗಿ ಅಂಗಾತ ಮಲಗಿ, ಅದನ್ನು ಕೆಡವಲು ಕೈ ಎತ್ತಿದ್ದವರೇ.