ಮಲ್ಲಮ್ಮನ ಕಾಟೇಜು

ದೆಹಲಿಯ ಚಾಣಕ್ಯಪುರಿಯ ಗೆಸ್ಟ್‌ಹೌಸಿನಲ್ಲಿ ಇಡ್ಲಿ ತಿಂದು ಆಟೋ ಹಿಡಿದಾಗ ಎಂಟೂವರೆ. ಜನವರಿಯ ಮಂಜು. ವಸಂತ್ ಕುಂಜ್‌ಗೆ ಇನ್ನೂರು ಕೇಳಿದ, ಚೌಕಾಸಿ ಮಾಡದೆ ಕೂತೆ. ಅಲ್ಲಿಯ ಫ್ಲಾಟಿನಲ್ಲಿ ನಾವು ಹದಿನೆಂಟು ವರ್ಷ ಇದ್ದೆವು. ಈಗ ಮೈಸೂರಿನಿಂದ ಬಂದದ್ದು ಅದರ ಹಿಂದಿನ ಬಸ್ತಿಗೆ, ಜೋಪಡಿಗಳ ಕೇರಿಗೆ, ನಮ್ಮ ಮನೆಗೆಲಸಕ್ಕಿದ್ದ ಕಲಬುರಗಿಯ ಮಲ್ಲಮ್ಮನಿಗಾಗಿ. ಬಸ್ತಿ ಕೆಡವುತ್ತಾರೆ; ಸರ್ವೆಯಲ್ಲಿ ಬಾಗಿಲಿಗೆ ನಂಬರ್ ಬಿದ್ದವರಿಗೆ ಬದಲಿ ಮನೆ. “ನಿಮ್ಮ ಕಾಗದದ್ದೇ ತಕರಾರು, ಬರ್ರಿ ಅಮ್ಮಾರ,” ಎಂದು ಫೋನ್ ಮಾಡಿದ್ದಳು.

ಮಲ್ಲಮ್ಮನ ಬಾಗಿಲ ಮುಂದೆ ಸರ್ವೆಯವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಶುಂಠಿ ಚಹಾ ಕುಡಿಯುತ್ತಿದ್ದ. ಹಳದಿಗಟ್ಟಿದ ಹಾಳೆಯೊಂದನ್ನು ಚಾಚಿದ. “ಮೇಡಂ, ಇದು ನಿಮ್ಮದೇ ಲೆಟರ್ ತಾನೆ?”

ನನ್ನದೇ; ಇಲ್ಲಿದ್ದಾಳೆಂಬುದಕ್ಕೆ ಮಲ್ಲಮ್ಮನ ಬಳಿ ಇದ್ದ ಒಂದೇ ಹಳೇ ಪುರಾವೆ. ಅವಳ ಮಗಳನ್ನು ಸ್ಕೂಲಿಗೆ ಸೇರಿಸುವಾಗ ವಿಳಾಸಕ್ಕೆಂದು ಕೊಟ್ಟದ್ದು: ಮಲ್ಲಮ್ಮ ನಮ್ಮ ಬ್ಲಾಕಿನ ಹಿಂದೆ ಒಂದು ‘ನೀಟ್ ಲಿಟಲ್ ಕಾಟೇಜ್’ನಲ್ಲಿ ವಾಸವಾಗಿದ್ದಾಳೆ. ಬಡವರ ಮನೆಯನ್ನು ಹೀನವಾಗಿ ಕರೆಯಬಾರದೆಂದು ಕಾನ್ವೆಂಟಿನ ಮದರ್ ಕಲಿಸಿದ್ದರು. ‘ಹಟ್’ ಎಂದು ಬರೆಯಲು ಕೈ ಬಂದಿರಲಿಲ್ಲ. ಕಾಟೇಜ್ ಎಂದರೆ ನನಗೆ ಇಂಗ್ಲಿಷ್ ರೀಡರಿನ ಚಿತ್ರ, ಹೂಬಳ್ಳಿ, ಚಿಮಣಿ.

“ಕಾಟೇಜ್ ಅಂದ್ರೆ ಪಕ್ಕಾ ಮಕಾನ್, ಗಟ್ಟಿ ಮನೆ,” ಎಂದ ಅವನು. “ ಬದಲಿ ಮನೆ ಝುಗ್ಗಿ, ಜೋಪಡಿಯವರಿಗೆ ಮಾತ್ರ.”

“ಕಣ್ಣೆದುರಿಗೇ ಇದೆಯಲ್ಲ ಭಯ್ಯಾ, ನೋಡಿ!” ನನ್ನ ದನಿ ಏರಿತು.

“ನೋಡಿದ್ದನ್ನು ಬರೆಯೋ ಹಾಗಿಲ್ಲ. ಹಳೇ ಕಾಗದದಲ್ಲಿ ಇದ್ದದ್ದೇ ಬರೀಬೇಕು.”

ನಾನ್ಸೆನ್ಸ್, ಎಂದೆ. ಪಕ್ಕದಲ್ಲೇ ನಿಂತಿದ್ದ ಮಲ್ಲಮ್ಮ ನನ್ನ ಕಡೆಗೇ ತಿರುಗಿದಳು. “ಇದು ನಮ್ಮೂರ ಗುಡಿಸಲೂ ಅಲ್ರಿ. ಗುಡಿಸಲಾದ್ರ ಬ್ಯಾಸಗ್ಯಾಗ ತಣ್ಣಗಿರ್ತದ, ಇದು ಕಾದ ಹಂಚು. ನೀವು ಕಾಟೇಜ್ ಅಂದ್ರಿ, ಇವ ಮಕಾನ್ ಅಂತಾನ. ಒಳಗಿರೋಕಿ ನಾನು, ನನ್ನ ಯಾರ್ ಕೇಳಿದ್ರಿ? ಒಂದ್ ದಿನ ಒಳಗ ಬಂದಿದ್ರ ಹಂಗ ಬರೀತಿದ್ದಿಲ್ಲ.”

ಅವನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ನನ್ನ ಮೇಲೆ ತಿರುಗಿತು. ಬಗ್ಗಿ ಒಳಗೆ ಹೋದೆ. ಟ್ರಂಕಿನ ಮೇಲೆ ಕೂತು ಹೊಸ ಹಾಳೆಯಲ್ಲಿ ಕಂಡದ್ದನ್ನು ಬರೆದೆ: ಒಂದೇ ಕೋಣೆ, ಎಂಟಡಿ ಹತ್ತಡಿ. ತಗಡಿನ ಮಾಡು, ಹಾರದಂತೆ ಮೇಲೆ ಇಟ್ಟಿಗೆ. ನಲ್ಲಿ ಇಲ್ಲ, ಕಕ್ಕಸು ಇಲ್ಲ. ಇದು ಝುಗ್ಗಿ. ಹಿಂದಿನ ಪತ್ರವನ್ನು ನಾನು ಈ ಮನೆಯನ್ನು ನೋಡದೆ ಬರೆದಿದ್ದೆ.

ಅವನು ಎರಡು ಸಲ ಓದಿದ. “ಕೊನೇ ಲೈನ್ ತೆಗೀರಿ ಮೇಡಂ, ಚೆನ್ನಾಗಿರಲ್ಲ.”

“ತೆಗೆಯೋಲ್ಲ. ಹಳೇ ಕಾಗದ ರದ್ದಾಗೋದು ಆ ಲೈನಿನಿಂದಲೇ. ನಂಬರ್ ಬರೀರಿ.”

ಗೊಣಗುತ್ತಲೇ ಎದ್ದು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದ. ಮಲ್ಲಮ್ಮ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆಟೋ ತಿರುಗುವಾಗ ಮಂಜು ಕರಗಿತ್ತು. ಮೇಲೆ ನಮ್ಮ ಹಳೆಯ ಬಾಲ್ಕನಿ ಕಂಡಿತು. ಹದಿನೆಂಟು ವರ್ಷ ದಿನವೂ ಅಲ್ಲಿ ಕೂತು ಕಾಫಿ ಕುಡಿದಿದ್ದೆ, ಈ ತಗಡುಗಳತ್ತಲೇ ಮುಖ ಮಾಡಿ.